ಬಿಸಿಲಕ್ಕನ ತಾರಸಿ

ಬೆಳಗಿನ ಐದೂಕಾಲು. ನಲ್ಲಿಯಲ್ಲಿ ನೀರು ಬಿಡುವ ಹೊತ್ತು. ನಾಲ್ಕು ಮಹಡಿಯ ಕಟ್ಟಡದ ತಾರಸಿಯ ಮೇಲೆ, ಒಂದೇ ಬಲ್ಬಿನ ಬೆಳಕಿನಲ್ಲಿ, ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು ನಿನ್ನೆಯ ಊಟವನ್ನು ಓದುತ್ತಿದ್ದಾರೆ. ಮೇಜಿನ ಬಟ್ಟೆಯೊಂದನ್ನು ಮೊಣಕಾಲಿನ ಮೇಲೆ ಹರಡುತ್ತಾರೆ, ಮೂಸುತ್ತಾರೆ, ಕಲೆಯ ಸುತ್ತ ಉಗುರಿನಿಂದ ಗೆರೆ ಎಳೆಯುತ್ತಾರೆ.

"ಇದು ನಾಲ್ಕು ಜನ ಕೂತಿದ್ದ ಟೇಬಲು. ಮೂವರು ತಿಂದಿದ್ದಾರೆ, ಒಬ್ಬರು ಮುನಿಸ್ಕೊಂಡಿದ್ದಾರೆ" ಎನ್ನುತ್ತಾರೆ. ಹೇಗೆ ಗೊತ್ತು ಎಂದರೆ ತೋರಿಸುತ್ತಾರೆ. ಮೂರು ಬದಿಯಲ್ಲಿ ಗ್ರೇವಿಯ ಹನಿ, ಎಣ್ಣೆಯ ಉಂಗುರ. ನಾಲ್ಕನೇ ಬದಿ ಹಾಲಿನಂತೆ ಶುದ್ಧ. ಅದರ ಜೊತೆಗೆ ಬಂದ ನ್ಯಾಪ್ಕಿನ್ನಿಗೆ ಒಂದು ಹನಿಯೂ ತಾಗಿಲ್ಲ, ಆದರೆ ಹಗ್ಗದ ಹಾಗೆ ಹಿಂಡಿ ತಿರುಚಿ ಮುದ್ದೆಯಾಗಿದೆ.

ಇವರನ್ನು ಕೆಳಗಿನ ಅಡುಗೆಮನೆಯವರೆಲ್ಲ ಕರೆಯುವುದು ಬಿಸಿಲಕ್ಕ ಎಂದು. ವಯಸ್ಸು ಐವತ್ತೆಂಟು. ಕಟ್ಟಡದ ನೆಲಮಹಡಿಯಲ್ಲಿ ಮಸಾಲೆ ಊಟಕ್ಕೆ ಹೆಸರಾದ ಹೋಟೆಲಿದೆ, ಮೂರನೇ ಮಹಡಿಯಲ್ಲಿ ನಾಲ್ಕು ವರ್ಷದ ಹಿಂದೆ ತೆರೆದ ಪಬ್ಬಿದೆ. ಕೆಳಗೆ ಉಂಡವರು ಬಿಟ್ಟುಹೋದ ಗುರುತನ್ನು ಇಪ್ಪತ್ನಾಲ್ಕು ವರ್ಷದಿಂದ, ಮೇಲೆ ಕುಡಿದವರದನ್ನು ಪಬ್ಬು ತೆರೆದಂದಿನಿಂದ, ಈ ತಾರಸಿಯ ಮೇಲೆ ಅಳಿಸುತ್ತ ಬಂದಿರುವವರು ಇವರು. ಇನ್ನು ಒಂಬತ್ತು ದಿನ ಅಳಿಸುತ್ತಾರೆ. ತಿಂಗಳು ಮುಗಿದ ಮೇಲೆ ತಾರಸಿ ಪಬ್ಬಿನದು. ಮೂಲೆಯಲ್ಲಿ ಕಬ್ಬಿಣದ ಕಂಬಗಳು ಬಂದು ಬಿದ್ದಾಗಿದೆ, ಅರ್ಧ ಚಪ್ಪರದ ಚೌಕಟ್ಟು ಎದ್ದೂ ಆಗಿದೆ. ಆಕಾಶದ ಕೆಳಗೆ ಕೂತು ಕುಡಿಯುವುದು ಈಗ ಜನಕ್ಕೆ ಇಷ್ಟವಂತೆ.

ಬಟ್ಟೆ ಒಗೆಯಲು ತಾರಸಿಯೇ ಏಕೆ ಬೇಕು? ಅಡುಗೆಯಲ್ಲಿ ಅರಿಶಿನ ಇರುವುದರಿಂದ.

"ವೈನ್ ಕಲೆ ಇದೆಯಲ್ಲ, ಅದು ಬಾಯಿಬಡುಕ. ನೋಡೋಕೆ ಕೊಲೆ ಆದಂಗೆ ಇರುತ್ತೆ. ಉಪ್ಪು ಹಾಕಿ ಬಿಸಿನೀರು ಹುಯ್ದ್ರೆ ಬಾಲ ಮುದುರಿಕೊಂಡು ಹೋಗುತ್ತೆ. ಬಿಯರು ಬರೀ ನಾತ, ಕಲೆ ಏನಿಲ್ಲ. ಈ ಅರಿಶಿನ ಇದೆ ನೋಡಿ, ಇದು ನಾದಿನಿ ಇದ್ದಂಗೆ. ನಗ್ತಾ ನಗ್ತಾ ಬಂದು ಮನೆ ಒಳಗೆ ಕೂತ್ಕೊಂಡ್ರೆ ಆಯ್ತು, ಜಪ್ಪಯ್ಯ ಅಂದ್ರೂ ಏಳಲ್ಲ."

ಮಾತು ಮುಗಿಯುವ ಮೊದಲೇ ತೊಟ್ಟಿಯ ಆಚೆಯಿಂದ ಉತ್ತರ ಬರುತ್ತದೆ. "ಕೂತಿದ್ದಕ್ಕೇ ನಿಮ್ಮ ಕೈಗೆ ಇನ್ನೆರಡು ಕೈ ಸಿಕ್ತು ಅತ್ತಿಗೆ. ಇಲ್ಲದಿದ್ರೆ ಈ ತೊಂಬತ್ತಾರು ಮೆಟ್ಟಿಲು ಗಂಟು ಹೊತ್ಕೊಂಡು ನಿಮ್ಮಪ್ಪ ಹತ್ತುತ್ತಿದ್ರಾ?"

ಅದು ನಿಜವಾಗಿಯೂ ನಾದಿನಿಯೇ, ಬಿಸಿಲಕ್ಕನ ಗಂಡನ ತಂಗಿ. ಗಂಡನ ಮನೆ ಬಿಟ್ಟು ಬಂದು ಹದಿನಾರು ವರ್ಷವಾಯಿತು. ಅಣ್ಣ ತೀರಿಹೋಗಿ ಹನ್ನೊಂದು ವರ್ಷ. ಇಬ್ಬರು ಹೆಂಗಸರೂ ಹಾವು ಮುಂಗುಸಿಯ ಹಾಗೆ ಮಾತಾಡಿಕೊಳ್ಳುತ್ತ, ಜೋಡೆತ್ತಿನ ಹಾಗೆ ದುಡಿಯುತ್ತಾರೆ.

ಅರಿಶಿನದ ಸ್ವಭಾವ ಬಿಸಿಲಕ್ಕನಿಗೆ ತಿಳಿದದ್ದು ಅಳುವಿನಿಂದ. ಗಂಡ ಕೆಳಗಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಒಂದು ಸಂಜೆ ಅವರ ಕೈ ಜಾರಿ ಒಂದು ಬಟ್ಟಲು ಗ್ರೇವಿ ಹೊಚ್ಚಹೊಸ ಬಿಳಿ ಬಟ್ಟೆಯ ಮೇಲೆ ಬಿತ್ತು. ಬಟ್ಟೆ ಬೆಳ್ಳಗಾಗಿ ಬರಲಿ, ಇಲ್ಲದಿದ್ದರೆ ನೀನು ಬರಬೇಡ ಎಂದರು ಯಜಮಾನರು. ಹೆಂಡತಿ ಸೋಪು ಹಾಕಿ ತಿಕ್ಕಿದರು. ಹಳದಿ ಹೋಗುವುದಿರಲಿ, ಸೋಪು ತಾಗಿದ ಕಡೆಯೆಲ್ಲ ಇಟ್ಟಿಗೆಯ ಕೆಂಪಾಯಿತು. "ರಕ್ತ ಬಂತು ಅಂದ್ಕೊಂಡೆ. ಗಂಡನ ಕೆಲಸ ಕಳೆದೆ ಅಂತ ಅತ್ತುಬಿಟ್ಟೆ." ಸಿಟ್ಟಿನಲ್ಲಿ ಒದ್ದೆ ಬಟ್ಟೆಯನ್ನು ಗೋಡೆಯ ಮೇಲೆ ಎಸೆದು ಮಲಗಿದರು. ಮರುದಿನ ಮಧ್ಯಾಹ್ನ ನೋಡಿದರೆ ಮಡಿಕೆಯೊಳಗೆ ಮುಚ್ಚಿದ್ದ ಕಡೆ ಕಲೆ ಹಾಗೇ ಇತ್ತು, ಬಿಸಿಲು ಬಿದ್ದ ಕಡೆ ಅದರ ಹೆಸರೂ ಇರಲಿಲ್ಲ.

ಅಂದಿನಿಂದ ಇದೇ ಪಾಠ. ಮೊದಲು ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಿಸಬೇಕು. ಆಮೇಲೆ ಸೋಪು. ಕೆಂಪಾದರೆ ಹೆದರಬಾರದು. ಜಾಲಾಡಿ, ಒದ್ದೆಯಿರುವಾಗಲೇ ಬಿಸಿಲಿಗೆ ಹರಡಬೇಕು, ಒಣಗಿದರೆ ನೀರು ಚಿಮುಕಿಸಬೇಕು. ಕಲೆ ಹೋಗುವವರೆಗೆ ಇಸ್ತ್ರಿಪೆಟ್ಟಿಗೆ ಹತ್ತಿರ ಸುಳಿಯಬಾರದು. ಎರಡು ವರ್ಷದ ಹಿಂದೆ ಯಜಮಾನರು ಒಂದು ತಿಂಗಳು ಬಟ್ಟೆಯನ್ನೆಲ್ಲ ದೊಡ್ಡ ಮಷಿನ್ ಲಾಂಡ್ರಿಗೆ ಕೊಟ್ಟು ನೋಡಿದರು. ಅಲ್ಲಿ ತೊಳೆದ ಬೆನ್ನಿಗೇ ಇಸ್ತ್ರಿ. ಕಲೆ ಸುಟ್ಟು ಕೂತಿತು. ಮೂವತ್ತು ಬಟ್ಟೆ ಭೂಪಟದ ಹಾಗೆ ವಾಪಸು ಬಂದವು. "ಆಗ ಇದೇ ಯಜಮಾನ್ರು ಇದೇ ತಾರಸಿಗೆ ಏದುಸಿರು ಬಿಡ್ತಾ ಹತ್ತಿ ಬಂದಿದ್ರು. 'ಅಕ್ಕ, ನಮ್ಮ ಹೋಟೆಲಿನ ಹೆಸರು ನಿಂತಿರೋದೇ ನಿನ್ನ ಬಿಳೀ ಬಟ್ಟೆ ಮೇಲೆ' ಅಂದಿದ್ರು. ನಾನೂ ನಂಬಿದೆ ನೋಡಿ, ಬುದ್ಧಿಗೇಡಿ."

ದಿನಕ್ಕೆ ಅರವತ್ತು ಮೇಜಿನ ಬಟ್ಟೆ, ರಜೆಯ ದಿನ ತೊಂಬತ್ತು. ನ್ಯಾಪ್ಕಿನ್ನು ಎರಡೂ ಕಡೆಯದು ಸೇರಿ ಇನ್ನೂರು. ಪಬ್ಬಿನಿಂದ ಲೋಟ ಒರೆಸುವ ಬಟ್ಟೆ ನಲವತ್ತು. ಕೊಳೆ ಗಂಟು ಹೊತ್ತು ತೊಂಬತ್ತಾರು ಮೆಟ್ಟಿಲು ಮೇಲೆ, ಮಡಿಚಿದ ಗಂಟು ಹೊತ್ತು ತೊಂಬತ್ತಾರು ಮೆಟ್ಟಿಲು ಕೆಳಗೆ. ಲಿಫ್ಟ್ ಇದೆ, ಗಿರಾಕಿಗಳಿಗೆ. ಬೆರಳಿನ ಸಂದಿಗಳು ಸದಾ ಬಿರಿದಿರುತ್ತವೆ. ಇಪ್ಪತ್ನಾಲ್ಕು ವರ್ಷ ಬಿಸಿಲಿನಲ್ಲಿ ಬಿಳಿ ಬಟ್ಟೆಯನ್ನೇ ದಿಟ್ಟಿಸಿ ಬಲಗಣ್ಣು ಮಂಜಾಗಿದೆ. ನೆರಳಿಗೆ ಬಂದರೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಮೆಟ್ಟಿಲಿನ ಮೊದಲ ತಿರುವಿನಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆ. ಹೋಟೆಲಿನಿಂದ ಮಧ್ಯಾಹ್ನದ ಊಟ ಬರುತ್ತದೆ. "ಅನ್ನ ಮೊಸರು ಇಸ್ಕೊಳ್ತೀನಿ, ಗ್ರೇವಿ ಬೇಡ ಅಂತೀನಿ. ದಿನಾ ಕೈಯಲ್ಲಿ ಉಜ್ಜೋದನ್ನ ಬಾಯಿಗೆ ಹಾಕ್ಕೊಳ್ಳೋಕೆ ಮನಸ್ಸು ಬರಲ್ಲ."

ಉಣ್ಣುವವರ ಮುಖವನ್ನು ಇವರು ನೋಡಿಲ್ಲ. ಬರುವುದು ಹೋಗುವುದು ಹಿಂಬಾಗಿಲಿನಲ್ಲಿ. ಆದರೆ ಮುಂಬಾಗಿಲಿನಲ್ಲಿ ಬರುವವರ ಬಗ್ಗೆ ಇವರಿಗೆ ಗೊತ್ತಿರುವಷ್ಟು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. "ಹೊಸ ಜೋಡಿ ಕೂತ ಟೇಬಲಿನ ಬಟ್ಟೆ ಒಗೆಯೋದೇ ಬೇಡ. ಅನ್ನ ತಿಂದ್ರೋ ಗಾಳಿ ತಿಂದ್ರೋ! ಮದುವೆ ಆಗಿ ಐದು ವರ್ಷ ಆಗ್ಲಿ, ಆಮೇಲೆ ನೋಡಿ, ಯುದ್ಧ ಆದಂಗಿರುತ್ತೆ." ಪಬ್ಬಿನ ನ್ಯಾಪ್ಕಿನ್ನುಗಳಲ್ಲಿ ತುಟಿಯ ಬಣ್ಣ, ಕಣ್ಣಿನ ಕಪ್ಪು. "ಕೆಳಗೆ ಚೆಲ್ತಾರೆ, ಮೇಲೆ ಅಳ್ತಾರೆ" ಎನ್ನುತ್ತಾರೆ ನಾದಿನಿ. "ದುಡ್ಡು ಕೊಟ್ಟು ಅಳೋಕೆ ಮೂರು ಮಹಡಿ ಹತ್ತಬೇಕಾ? ನಮ್ಮನೆಗೆ ಬಂದಿದ್ರೆ ನಮ್ಮತ್ತಿಗೆ ಪುಕ್ಕಟೆ ಅಳಿಸ್ತಿದ್ರು."

ಗಂಟಿನಿಂದ ಬಿಸಿಲಕ್ಕ ಒಂದು ಚಿಕ್ಕ ಬಟ್ಟೆಯನ್ನು ಪ್ರತ್ಯೇಕ ತೆಗೆದಿಡುತ್ತಾರೆ. ಏಳನೇ ಟೇಬಲಿನದು, ನಿನ್ನೆ ಬುಧವಾರದ್ದು. ಗೋಡೆಗೆ ಅಂಟಿಸಿ ಹಾಕಿದ, ಒಬ್ಬರೇ ಕೂರುವ ಮೇಜು. ಆ ಅಳತೆಯ ಬಟ್ಟೆ ಇರುವುದು ಎರಡೇ. ಆರು ವರ್ಷದ ಹಿಂದೆ ಬುಧವಾರದ ಬಟ್ಟೆಯಲ್ಲಿ, ಎಡಗಡೆ, ಒಂದೇ ಜಾಗದಲ್ಲಿ, ಬೇಳೆಕಾಳಿನಷ್ಟು ಕಲೆ ಕಾಣತೊಡಗಿತು. ಪ್ರತಿ ಬುಧವಾರವೂ ಅದೇ ಜಾಗ. ಬೇಳೆಯಷ್ಟಿದ್ದದ್ದು ನಾಣ್ಯದಷ್ಟಾಯಿತು, ಆಮೇಲೆ ಅಂಗೈಯಷ್ಟಾಯಿತು. ಬಿಸಿಲಕ್ಕ ಸಪ್ಲೈಯರನ್ನು ಹಿಡಿದು ಕೇಳಿದರು. ಯಾರೋ ವಯಸ್ಸಾದ ಮೇಷ್ಟ್ರು, ಒಬ್ಬರೇ ಬರುತ್ತಾರೆ, ಎಡಗೈಯಲ್ಲಿ ತಿನ್ನುತ್ತಾರೆ, ಕೈ ನಡುಗುತ್ತದೆ, ಚೆಲ್ಲಿದ್ದರ ಮೇಲೆ ಯಾರಿಗೂ ಕಾಣದಂತೆ ತಟ್ಟೆ ಸರಿಸಿ ಮುಚ್ಚುತ್ತಾರೆ ಎಂದ ಅವನು.

"ನಾನಂದೆ, 'ಅಗಲ ತಟ್ಟೆಯಲ್ಲಿ ಕೊಡಬೇಡ ಕಣಪ್ಪ. ಆಳ ಇರೋ ಬಟ್ಟಲಲ್ಲಿ ಕೊಡು. ಯಾಕೆ ಅಂತ ಅವರಿಗೆ ಹೇಳಬೇಡ.' ಮುಂದಿನ ಬುಧವಾರ ಕಲೆ ಮತ್ತೆ ನಾಣ್ಯದಷ್ಟಾಯ್ತು." ಇದನ್ನು ಹೇಳುವಾಗ ಬಿಸಿಲಕ್ಕ ನಗುತ್ತಾರೆ. ಆ ಮೇಷ್ಟ್ರನ್ನು ಅವರು ಇವತ್ತಿನವರೆಗೂ ಕಂಡಿಲ್ಲ.

ತಾರಸಿ ಹೋಗುತ್ತದೆ ಎಂದು ತಿಳಿದಾಗ ಬಿಸಿಲಕ್ಕ ಎದೆಗುಂದಲಿಲ್ಲ. ಕಟ್ಟಡವೂ ಯಜಮಾನರದು, ಬಿಳಿ ಬಟ್ಟೆಯೂ ಅವರದು, ಏನಾದರೂ ದಾರಿ ಮಾಡುತ್ತಾರೆ ಎಂದುಕೊಂಡರು. ತಾವೂ ಬೀದಿ ಬೀದಿ ಅಲೆದು ತಾರಸಿ ಕೇಳಿದರು. ಒಂದಕ್ಕೆ ಬೀಗ, ಒಂದರಲ್ಲಿ ನೀರಿನ ಟ್ಯಾಂಕುಗಳ ಸಾಲು, ಇನ್ನೊಂದರಲ್ಲಿ ಮೊಬೈಲ್ ಟವರು. ಅವರು ವಾಸವಿರುವ ಹಿಂಬೀದಿಯ ಎರಡು ಕೋಣೆಗೆ ಬಿಸಿಲು ಬರುವುದು ದಿನಕ್ಕೆ ಅರ್ಧ ಗಂಟೆ, ಅದೂ ಕಿಟಕಿಯ ಮೂಲೆಗೆ. "ನೀರಿಗೆ ಮಾಲೀಕರಿರ್ತಾರೆ, ನೆಲಕ್ಕೆ ಇರ್ತಾರೆ ಅಂತ ಗೊತ್ತಿತ್ತು. ಬಿಸಿಲಿಗೂ ಇರ್ತಾರೆ ಅಂತ ಈಗ ಗೊತ್ತಾಯ್ತು."

ಕಳೆದ ವಾರ ಯಜಮಾನರು ಅವರನ್ನು ಕೆಳಗೆ ಕರೆಸಿದರು. ದಾರಿ ಸಿಕ್ಕಿತು ಎಂದು ಬಿಸಿಲಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿದರು. ಗಲ್ಲಾದ ಪಕ್ಕ ಒಂದು ಹೊಸ ಕಟ್ಟು ಬಿಚ್ಚಿಟ್ಟಿದ್ದರು. ಕಾಫಿಪುಡಿ ಬಣ್ಣದ ಮೇಜಿನ ಬಟ್ಟೆಗಳು.

"ಮುಟ್ಟಿ ನೋಡಕ್ಕ, ಹೊಸ ಥರದ ಬಟ್ಟೆ. ಇದರ ಮೇಲೆ ಕಲೆ ನಿಲ್ಲಲ್ಲ."

ಬಿಸಿಲಕ್ಕ ಮುಟ್ಟಿದರು, ಬೆಳಕಿಗೆ ಹಿಡಿದರು. "ನಿಲ್ಲುತ್ತೆ ಯಜಮಾನ್ರೇ. ಕಾಣಲ್ಲ ಅಷ್ಟೆ."

"ಕಾಣದಿದ್ರೆ ಆಯ್ತಲ್ಲ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದ್ರೆ ಸಾಕು. ವಾರಕ್ಕೊಮ್ಮೆ ಮಷಿನ್ನಿಗೆ ಹಾಕಿಸ್ತೀನಿ."

"ವಾರಕ್ಕೊಮ್ಮೆಯಾ? ಒಬ್ಬರು ತಿಂದ ಮೇಲೆ ಒಬ್ಬರಾ?"

"ಬರೋರು ಊಟಕ್ಕೆ ಬರ್ತಾರಕ್ಕ, ಬಟ್ಟೆ ನೋಡೋಕಲ್ಲ" ಎಂದು ಯಜಮಾನರು ಫೋನ್ ಎತ್ತಿಕೊಂಡರು. ಬಿಳಿ ಬಟ್ಟೆಗಳನ್ನೆಲ್ಲ ತಿಂಗಳ ಕೊನೆಗೆ ಗ್ಯಾರೇಜಿನವರು ಒಯ್ಯುತ್ತಾರಂತೆ, ಗಾಡಿ ಒರೆಸಲು. ಹಿಂಬಾಗಿಲಿನ ತನಕ ಬಂದ ಬಿಸಿಲಕ್ಕ ಅಲ್ಲಿಂದ ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟರು ಎಂದು ಹೇಳುವುದು ನಾದಿನಿ. ಬಿಸಿಲಕ್ಕ ಅದನ್ನು ಒಪ್ಪುವುದಿಲ್ಲ. "ಮೊಣಕಾಲು ಹಿಡ್ಕೊಂಡಿತ್ತು."

ಪಬ್ಬಿನ ಮ್ಯಾನೇಜರ್ ಮಾತ್ರ ಒಳ್ಳೆಯ ಮನುಷ್ಯ. ಬಂದು ನಯವಾಗಿ ಮಾತಾಡಿಸಿದ. ಒಗೆಯುವ ಕಲ್ಲನ್ನು ಎತ್ತಿಸಬೇಡಿ ಆಂಟಿ, ಅದು ಇಲ್ಲೇ ಇರಲಿ, ಮೇಲೆ ಗಾಜು ಕೂರಿಸಿ ಟೇಬಲ್ ಮಾಡುತ್ತೇವೆ, ಹಗ್ಗಕ್ಕೂ ನಾಲ್ಕು ಬಿಳಿ ಬಟ್ಟೆ ಕ್ಲಿಪ್ ಹಾಕಿ ಬಿಡುತ್ತೇವೆ, ಫೋಟೋಗೆ ಚೆನ್ನಾಗಿರುತ್ತದೆ ಎಂದ.

"ಕಲ್ಲು ಇರಬಹುದಂತೆ, ಹಗ್ಗ ಇರಬಹುದಂತೆ" ಎನ್ನುತ್ತಾರೆ ಬಿಸಿಲಕ್ಕ.

"ನೀವೂ ಕಲ್ಲಾಗಿ ಹುಟ್ಟಬೇಕಿತ್ತು ಅತ್ತಿಗೆ. ಮೇಲೊಂದು ಗಾಜು ಹಾಕಿಸ್ಕೊಂಡು ಹಾಯಾಗಿ ಕೂರಬಹುದಿತ್ತು."

"ನಿನ್ನ ಬಾಯಿಗಿಷ್ಟು ಸೀಮೆಸುಣ್ಣ ಹಾಕ!"

ಇಬ್ಬರೂ ನಗುತ್ತಾರೆ. ನಗು ನಿಂತ ಮೇಲೆ ನಾದಿನಿ ಕಣ್ಣು ಒರೆಸಿಕೊಂಡು ಬಕೆಟ್ಟಿಗೆ ಕೈ ಹಾಕುತ್ತಾರೆ. ಮುಂದೇನು? ಪಬ್ಬಿನಲ್ಲಿ ಕಕ್ಕಸು ತೊಳೆಯುವ ಕೆಲಸ ಇದೆಯಂತೆ, ಒಬ್ಬರಿಗೆ. ಯಾರಾದರೂ ಒಬ್ಬರು ಹೋಗಲೇಬೇಕಾಗಬಹುದು. ಹೋಗುವುದು ತಾನೇ ಎಂದು ಇಬ್ಬರೂ ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಾರೆ, ಒಬ್ಬರಿಗೊಬ್ಬರು ಹೇಳಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಚಪ್ಪರದ ಚೌಕಟ್ಟಿಗೆ ಹೊದಿಸಿದ ಟಾರ್ಪಾಲಿನ ನೆರಳು ತಾರಸಿಯ ಮೇಲೆ ಸರಿಯತೊಡಗುತ್ತದೆ. ಹೋದ ವಾರದವರೆಗೆ ಈ ನೆರಳು ಇರಲಿಲ್ಲ. ಸಾಲುಸಾಲಾಗಿ ಹರಡಿದ ಬಟ್ಟೆಗಳಲ್ಲಿ ಒಣಗಿದವನ್ನು ನಾದಿನಿ ಮಡಿಚುತ್ತಿದ್ದಾರೆ. ಏಳನೇ ಟೇಬಲಿನ ಚಿಕ್ಕ ಬಟ್ಟೆ ಇನ್ನೂ ಆಗಿಲ್ಲ. ಎಡಗಡೆ ಅಂಗೈಯಗಲ ಹಳದಿ, ತೆಳ್ಳಗೆ, ಹಠ ಹಿಡಿದು ಕೂತಿದೆ. ಬಟ್ಟಲು ಕೊಟ್ಟರೂ ಈಗ ಸಾಲುತ್ತಿಲ್ಲ ಎಂದು ಬಿಸಿಲಕ್ಕನಿಗೆ ಅದನ್ನು ನೋಡಿಯೇ ಗೊತ್ತಾಗಿದೆ. ಹಿಡಿಯಿರುವ ಲೋಟದಲ್ಲಿ ಕೊಡು ಎಂದು ಸಪ್ಲೈಯರನಿಗೆ ಹೇಳಬೇಕು. ಆಮೇಲೆ ಎಷ್ಟು ಚೆಲ್ಲಿತು ಎಂದು ಹೇಳಲು ಬಿಳಿ ಬಟ್ಟೆ ಇರುವುದಿಲ್ಲ. ಕಾಫಿಪುಡಿ ಬಣ್ಣ ಚಾಡಿ ಹೇಳುವುದಿಲ್ಲ.

ನೆರಳು ಬಟ್ಟೆಯ ಅಂಚಿಗೆ ಬಂದಾಗ ಬಿಸಿಲಕ್ಕ ಎದ್ದು ಅದನ್ನು ಒಂದು ಮೊಳ ಆಚೆ ಎಳೆದು ನೀರು ಚಿಮುಕಿಸುತ್ತಾರೆ. ನೆರಳು ಮತ್ತೆ ಬರುತ್ತದೆ. ಮತ್ತೆ ಎಳೆಯುತ್ತಾರೆ.

"ಬಿಡಿ ಅತ್ತಿಗೆ" ಎನ್ನುತ್ತಾರೆ ನಾದಿನಿ. "ಒಂಬತ್ತು ದಿನ ಆದ್ರೆ ಅದು ಗಾಡಿ ಒರೆಸೋ ಬಟ್ಟೆ. ಯಾರು ನೋಡ್ತಾರೆ?"

ಬಿಸಿಲಕ್ಕ ಬಟ್ಟೆಯ ಸುಕ್ಕನ್ನು ಅಂಗೈಯಿಂದ ನೇವರಿಸಿ ತೆಗೆಯುತ್ತಾರೆ. ಉಳಿದಿರುವ ಬಿಸಿಲು ಗೋಡೆಯ ಪಕ್ಕದ ಒಂದು ಪಟ್ಟಿ ಮಾತ್ರ, ಸರಿಯಾಗಿ ಆ ಚಿಕ್ಕ ಬಟ್ಟೆ ಹಿಡಿಯುವಷ್ಟು.

"ಒಂಬತ್ತು ದಿನದಲ್ಲಿ ಒಂದು ಬುಧವಾರ ಇದೆ ಕಣೇ" ಎನ್ನುತ್ತಾರೆ.