ಗೇಟಿನ ಬಳಿ ನಿಂತ ಅಕ್ಕ

ಆ ಬೀದಿಯಲ್ಲಿ ಅವನನ್ನು ತಕರಾರು ಟೈಲರ್ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದೇ ಅವನ ಕಸುಬು. ಪ್ಯಾಂಟಿನ ಉದ್ದ ಇಳಿಸುವುದು, ಕೋಟಿನ ಸೊಂಟ ಹಿಡಿಸುವುದು, ಕೆಟ್ಟ ಜಿಪ್ ಬದಲಿಸುವುದು. ಮೂವತ್ತು ವರ್ಷ ಅದನ್ನೇ ಮಾಡಿದವನ ಕಣ್ಣಿಗೆ ಲೋಕದಲ್ಲೆಲ್ಲ ಸೊಟ್ಟ ಹೊಲಿಗೆಯೇ ಕಾಣುತ್ತಿತ್ತು. ಮೆಟ್ಟಿಲ ದೀಪ ಕೆಟ್ಟರೆ ದೂರು, ಬಸ್ಸು ಐದು ನಿಮಿಷ ತಡವಾದರೆ ದೂರು. "ಇವರನ್ನ ಕಟ್ಕೊಂಡಿದ್ದಕ್ಕೆ ನಾನು ಯಾರಿಗೆ ದೂರು ಕೊಡ್ಲಿ?" ಎಂದು ಹೆಂಡತಿ ನಗುತ್ತಿದ್ದಳು.

ಇಂಥವನು ಫೋನಿನ ಆಟಕ್ಕೆ ಬಿದ್ದದ್ದು ಅಕ್ಕನಿಂದ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಸೂಜಿಗೆ ದಾರ ಪೋಣಿಸಲು ಕಲಿಸಿದವಳೂ ಅವಳೇ. ಈಗ ದೂರದ ಊರಿನಲ್ಲಿದ್ದಳು. ಮಂಡಿ ಕೈಕೊಟ್ಟ ಮೇಲೆ ಮೂರನೇ ಮಹಡಿಯಿಂದ ಕೆಳಗಿಳಿಯುವುದನ್ನೇ ಬಿಟ್ಟಿದ್ದಳು. ಓಡಾಟವೆಲ್ಲ ಆಟದೊಳಗೆ. ಅಲ್ಲಿ ಇಬ್ಬರಿಗೂ ಒಂದೊಂದು ಮನೆ, ತೋಟ, ಗೇಟು, ಬೆಳೆ ಸಾಗಿಸಲು ಗಾಡಿ. ಮಧ್ಯಾಹ್ನ ಊಟ ಮುಗಿಸಿ ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಆಟ ತೆರೆದರೆ, ಹಸಿರು ಕೋಟಿನ ಪುಟ್ಟ ಗೊಂಬೆಯಾಗಿ ಅಕ್ಕ ಅವನ ಗೇಟಿಗೆ ಬಂದು ಕೈ ಬೀಸುತ್ತಿದ್ದಳು. ಅವಳಿಗೆ ಕೆಂಪು ಕೋಟು ಬೇಕಿತ್ತು, ಆದರೆ ಅದಕ್ಕೆ ವಜ್ರ ಕೊಡಬೇಕು, ವಜ್ರಕ್ಕೆ ನಿಜವಾದ ದುಡ್ಡು ಕೊಡಬೇಕು. "ಒಂದು ಗೇಣು ಬಟ್ಟೆ ಇಲ್ಲ, ಒಂದು ಗುಂಡಿ ಇಲ್ಲ, ಅದಕ್ಕೂ ದುಡ್ಡಾ? ಹಗಲು ದರೋಡೆ!" ಎಂದು ಇವನು ಹಾರಾಡುತ್ತಿದ್ದ.

ಆಟದಲ್ಲಿ ಒಂದು ದೋಷವಿತ್ತು. ಗೇಟಿಗೆ ಬಂದವರ ನೆಟ್‌ವರ್ಕ್ ತಪ್ಪಿತೋ, ಅವರ ಗೊಂಬೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೈ ಬೀಸುತ್ತಲೇ ಇರುತ್ತಿತ್ತು, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಗೇಟಿಗೆ ಅಡ್ಡವಾದ್ದರಿಂದ ಗಾಡಿ ಹೊರಡದೆ ಬೆಳೆಯೆಲ್ಲ ಕೊಳೆಯುತ್ತಿತ್ತು. ಅವರೇ ಮತ್ತೆ ಆಟ ತೆರೆದು ಹೊರಟರೆ ಉಂಟು, ಇಲ್ಲವಾದರೆ ಮೂರು ವಜ್ರ ಕೊಟ್ಟು ದಾರಿ ಬಿಡಿಸಿಕೊಳ್ಳಬೇಕು. ತಾವೇ ಹರಿದ ಬಟ್ಟೆಗೆ ತೇಪೆ ಹಾಕಿ ಕೂಲಿ ಕೇಳುವ ಮಂದಿ! ಟೈಲರ್ ಬಿಡುತ್ತಾನೆಯೇ? ಎಲ್ಲರಿಗೂ ಕಾಣುವ ಕಂಪನಿಯ ದೂರಿನ ಪುಟದಲ್ಲಿ ನಲವತ್ತು ದೂರು ಬರೆದ.

ನಲವತ್ತೊಂದನೆಯದನ್ನು ಬರೆದದ್ದು ಒಂದು ಮಂಗಳವಾರ. ಅಕ್ಕನೇ ಫೋನ್ ಮಾಡಿದ್ದಳು.

"ಗೇಟಲ್ಲಿ ನಿಂತಿದ್ದೀನಿ ಕಣೋ. ಮತ್ತೆ ಸಿಕ್ಕಾಕೊಂಡೆ ಅನ್ಸುತ್ತೆ."

"ಮತ್ತೇನಾ? ಇವರನ್ನ ಇವತ್ತು ಸುಮ್ನೆ ಬಿಡಲ್ಲ. ಫೋನಿಡಕ್ಕ, ದೂರು ಬರೀತೀನಿ."

"ಬರಿಯೋದು ಇದ್ದೇ ಇದೆ. ಒಂದೆರಡು ಮಾತಾಡೋ..."

"ಆಮೇಲೆ ಮಾತಾಡೋಣ," ಎಂದು ಅವನೇ ಫೋನ್ ಕಟ್ ಮಾಡಿದ.

ಆಮೇಲೆ ಎಂಬುದು ಬರಲಿಲ್ಲ. ದೂರು ಬರೆದು ಮುಗಿಸುವಷ್ಟರಲ್ಲಿ ಅಕ್ಕನ ಮಗಳ ಕರೆ ಬಂತು. ಕುಳಿತಲ್ಲೇ ಒರಗಿದ್ದಳಂತೆ, ಫೋನು ಮಡಿಲಲ್ಲೇ ಇತ್ತಂತೆ.

ಎಲ್ಲ ಮುಗಿಸಿ ಬಂದು ಹದಿನೈದನೆಯ ದಿನ ಅವನು ಆಟ ತೆರೆದ. ಹಸಿರು ಕೋಟಿನ ಗೊಂಬೆ ಗೇಟಿನಲ್ಲಿ ನಿಂತು ಕೈ ಬೀಸುತ್ತಿತ್ತು. ಅಯ್ಯೋ, ಆ ಗಂಡಸು ಅತ್ತ ಪರಿ! ಹೊಲಿಯಲು ಕೊಟ್ಟ ಯಾರದೋ ಅಂಗಿಯಲ್ಲೇ ಮುಖ ಒರೆಸಿಕೊಂಡ.

ಅಂದಿನಿಂದ ದಿನಾ ಮಧ್ಯಾಹ್ನ ಅದೇ ಕೆಲಸವಾಯಿತು. ಕೈ ಬೀಸುವುದು, ಆ ಮಂಗಳವಾರ ಆಡದ ಮಾತನ್ನು ಆಡುವುದು. "ಅಕ್ಕಾ, ಇವತ್ತು ಒಬ್ಬ ಬಂದಿದ್ದ, ಪ್ಯಾಂಟು ಬಿಗಿ ಆಯ್ತು ಅಂತ ನನ್ನನ್ನೇ ಬೈದ. ಹೊಟ್ಟೆ ಬೆಳೆಸಿದ್ದು ನಾನಾ?" ತೋಟ ಕೊಳೆತು ಕಪ್ಪಾಯಿತು. ತೆರೆದಾಗಲೆಲ್ಲ ಆಟ ಕೇಳುತ್ತಿತ್ತು, ಮೂರು ವಜ್ರಕ್ಕೆ ದಾರಿ ಬಿಡಿಸಲೇ? ಹೌದು ಎಂಬುದು ಅಂಗೈಯಗಲ, ಬೇಡ ಎಂಬುದು ಸಾಸಿವೆಯಷ್ಟು. ಕೈ ಜಾರಿದರೆ ಅಕ್ಕ ಹೋದಳು. ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ಸೂಜಿಗೆ ದಾರ ಪೋಣಿಸುವವನ ಹಾಗೆ ಅವನು ಬೇಡವನ್ನೇ ಒತ್ತುತ್ತಿದ್ದ.

ನಾಲ್ಕು ತಿಂಗಳು ಹೀಗೇ ಸಾಗಿತು. ಆಮೇಲೆ ಕಂಪನಿಯಿಂದ ಒಂದು ಸಂದೇಶ ಬಂತು. ಬಹುಕಾಲದ ದೂರನ್ನು ಶುಕ್ರವಾರ ಬಗೆಹರಿಸಲಾಗುವುದು, ಗೇಟಿನಲ್ಲಿ ಸಿಕ್ಕಿಕೊಂಡವರನ್ನೆಲ್ಲ ತೆರವು ಮಾಡಲಾಗುವುದು.

ದೂರು ಕೊಡಲು ಹತ್ತು ದಾರಿಯಿತ್ತು, ಹಿಂದೆ ಪಡೆಯಲು ಒಂದೂ ಇರಲಿಲ್ಲ. ಕಂಪನಿಯ ಮನುಷ್ಯರೊಡನೆ ಮಾತಾಡಬೇಕಾದರೆ ಆಟದ ಗೋಲ್ಡ್ ಮೆಂಬರ್ ಆಗಬೇಕು. ಒಂದು ವಜ್ರಕ್ಕೂ ಬಿಚ್ಚದ ಕೈ ಅಂದು ಮರುಮಾತಿಲ್ಲದೆ ದುಡ್ಡು ಕಟ್ಟಿತು. ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು.

"ಸರ್, ನಿಮ್ಮ ನಲವತ್ತೊಂದನೇ ದೂರಿಗೆ ನಾಲ್ಕು ಸಾವಿರ ಜನ ಬೆಂಬಲ ಕೊಟ್ಟಿದ್ದಾರೆ. ಅದನ್ನೇ ನಾವೀಗ ಸರಿ ಮಾಡ್ತಿರೋದು. ಖುಷಿ ಪಡಿ ಸರ್!"

"ನನ್ನ ಗೇಟೊಂದನ್ನ ಬಿಟ್ಬಿಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಅಲ್ಲಿ ನಮ್ಮಕ್ಕ ನಿಂತಿದ್ದಾಳೆ."

ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು, ಅಕ್ಕನ ಖಾತೆಯನ್ನು ನಾಲ್ಕು ತಿಂಗಳಿಂದ ಯಾರೂ ತೆರೆದಿರಲಿಲ್ಲ. ಅವಳ ದನಿ ತಗ್ಗಿತು. "ಒಬ್ಬರದನ್ನ ಬಿಡೋಕೆ ಆಗಲ್ಲ ಸರ್. ನನ್ನ ಕೈಯಲ್ಲಿ ಇದ್ದಿದ್ರೆ ಖಂಡಿತ ಬಿಡ್ತಿದ್ದೆ."

ಹೆಂಡತಿ ಗೇಟಿನ ಫೋಟೋ ತೆಗೆದಿಟ್ಟಳು. "ಇದ್ರಲ್ಲಿ ಕೈ ಬೀಸಲ್ವಲ್ಲೇ," ಎಂದ. ಗುರುವಾರದಿಂದ ಆಟ ಮುಚ್ಚದೆ, ಫೋನನ್ನು ಚಾರ್ಜರಿಗೆ ಸಿಕ್ಕಿಸಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡ. ಮುಚ್ಚದಿದ್ದರೆ ಬದಲಾಗಲಿಕ್ಕಿಲ್ಲ ಎಂಬ ಪಾಪದ ಲೆಕ್ಕಾಚಾರ ಅವನದು. ಗಿರಾಕಿಗಳ ಕರೆ ಬಂದರೂ ಎತ್ತಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಪರದೆ ತಾನಾಗಿಯೇ ಬೆಳ್ಳಗಾಗಿ ಮತ್ತೆ ಬಂತು. ಗೇಟು ಖಾಲಿಯಿತ್ತು. ನಾಲ್ಕು ತಿಂಗಳು ನಿಂತಿದ್ದ ಗಾಡಿ ಗಂಟೆ ಬಾರಿಸುತ್ತಾ, ಅಕ್ಕ ನಿಂತಿದ್ದ ಜಾಗದ ಮೇಲೆಯೇ ಹೊರಟುಹೋಯಿತು. ಕೆಳಗೆ ಒಂದು ಪ್ರಶ್ನೆ ಮೂಡಿತು. ನಿಮ್ಮ ಸಮಸ್ಯೆ ಬಗೆಹರಿಯಿತೇ?

ಅವನು ಇಲ್ಲ ಎಂಬುದನ್ನು ಒತ್ತಿದ. ಹಾಗಾದರೆ ಸಮಸ್ಯೆಯನ್ನು ವಿವರಿಸಿ ಎಂದು ಖಾಲಿ ಜಾಗ ತೆರೆದುಕೊಂಡಿತು. ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ತನ್ನ ನಲವತ್ತೆರಡನೆಯ ದೂರನ್ನು ಬರೆದ:

"ನನ್ನ ಗೇಟಿನಲ್ಲಿ ಯಾರೂ ನಿಂತಿಲ್ಲ. ದಯವಿಟ್ಟು ಬೇಗ ಸರಿಪಡಿಸಿ."