ಬಾಣಂತಿ ಕೋಣೆಯ ಹೀಟರು

ಬೆಂಕಿಗಿಂತ ಬೆಂಕಿಯಿಲ್ಲದ ಬಿಸಿಗೆ ನಾನು ಹೆಚ್ಚು ಹೆದರುತ್ತೇನೆ. ಒಲೆ ಹೊತ್ತಿಸಿದರೆ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ, ಇಡೀ ಮನೆಗೆ ಸುದ್ದಿ ಮುಟ್ಟುತ್ತದೆ. ಕರೆಂಟಿನ ಹೀಟರು ಮಾತ್ರ ಮೂಲೆಯಲ್ಲಿ ಕೆಂಪಗೆ, ಸಂಭಾವಿತನಂತೆ ಕೂತಿರುತ್ತದೆ. ಸಂಭಾವಿತರನ್ನು ನಂಬುವುದು ನನಗೆ ಮೊದಲಿನಿಂದಲೂ ಕಷ್ಟ.

ಈ ಚಳಿಗಾಲದಲ್ಲಿ ಮಗಳು ಸುನೀತಾ ಬಾಣಂತನಕ್ಕೆ ಬಸವಕಲ್ಯಾಣದ ನಮ್ಮ ಮನೆಗೆ ಬಂದಳು. ಅವಳ ತಾಯಿ ತೀರಿಕೊಂಡು ವರ್ಷಗಳಾಗಿದ್ದರಿಂದ ಹುಮನಾಬಾದಿನಿಂದ ನನ್ನ ಅಕ್ಕ ಶರಣಮ್ಮ ಬಂದಳು. ಬಾಣಂತಿಯ ಮಂಚದ ಕೆಳಗೆ ಕೆಂಡದ ಶೇಗಡಿ ಇಡುವುದು ಅಕ್ಕನ ಪದ್ಧತಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ ಎಂದು ಡಾಕ್ಟರು ಗದರಿದ್ದಕ್ಕೆ ನಾನು ಹೀಟರು ತಂದೆ. ಅದರ ಡಬ್ಬಿಯ ಮೇಲಿನ ಎಚ್ಚರಿಕೆಗಳನ್ನೂ ಓದಿದೆ. ನೆಮ್ಮದಿ ಹೋದದ್ದು ಆಗಲೇ. ಚಷ್ಮಾ ಹುಡುಕುವ ನೆಪ, ಕೂಸಿನ ನೆಪ, ಏನೋ ಒಂದು ಹೇಳಿ ಕೋಣೆಯೊಳಗೆ ಇಣುಕುತ್ತಲೇ ಇದ್ದೆ.

"ತಮ್ಮಾ, ನೀ ಹೀಟರ್ ಕಾಯಾಕತ್ತೀಯೋ, ಹೀಟರ್ ನಿನ್ನ ಕಾಸಾಕತ್ತದೋ?" ಎಂದಳು ಅಕ್ಕ. ಸುನೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮ ಭಾಷೆಯ ಚಮತ್ಕಾರ ನೋಡಿ. ಬಿಸಿಯಾಗುವುದೂ ಕಾಯುವುದೇ, ದಾರಿ ನೋಡುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ. ನಮ್ಮ ಹಿರಿಯರು ಒಲೆಯ ಮುಂದೆ ಕೂತು ಈ ಮೂರನ್ನೂ ಒಟ್ಟಿಗೆ ಮಾಡುತ್ತಿದ್ದರೇನೋ.

ಅಕ್ಕನ ಮಾತಿಗೆ ನಾಚಿ, ಮರುದಿನ ಇಣುಕಲೇಬಾರದೆಂದು ಹಟ ಹಿಡಿದು ಹೊರಗೆ ಕಟ್ಟೆಯ ಮೇಲೆ ಕೂತೆ. ಮೋಡ ಕವಿದ ದಿನ. ಕೂಸಿನ ಬಟ್ಟೆಗಳು ಒಣಗಿರಲಿಲ್ಲ. ಅಕ್ಕ ಹೀಟರಿನ ಮುಂದೆ ಕುರ್ಚಿ ಇಟ್ಟು ಅವನ್ನು ಹರವಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಹೀಟರು ತಣ್ಣಗಾಯಿತೆಂದು, ಕೂಸನ್ನು ಮಂಚದ ಮೇಲೆ ಮಲಗಿಸಿ, ಸುನೀತಾಳಿಗೆ ನೀರು ಹಾಕಲು ಬಚ್ಚಲಿಗೆ ಕರೆದೊಯ್ದಳು. ಸ್ವಿಚ್ಚು ಆರಿಸಲು ಯಾರಿಗೂ ನೆನಪಾಗಲಿಲ್ಲ.

ಎದುರಿನ ಹಿಟ್ಟಿನ ಗಿರಣಿ ಗುಂಯ್ ಎಂದು ಶುರುವಾಯಿತು. ಕರೆಂಟು ಬಂದಿದೆ, ಎಷ್ಟು ಹೊತ್ತಾಯಿತೋ! ಹಟ ಮರೆತು ಒಳಗೆ ಓಡಿದೆ. ಕೋಣೆಯ ತುಂಬ ಸುಟ್ಟ ವಾಸನೆ. ಜಾರಿಬಿದ್ದ ಒಂದು ಬಟ್ಟೆ ಹೀಟರಿನ ಜಾಲರಿಗೆ ಅಂಟಿ ಕಂದು ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು. ಗೋಡೆಯ ಸ್ವಿಚ್ಚು ಆರಿಸಿ, ಕೂಸನ್ನು ಎತ್ತಿಕೊಂಡು ಹೊರಬಂದು ಕೂಗಿದೆ. ಅಕ್ಕ ಬಿಂದಿಗೆ ಹಿಡಿದೇ ಓಡಿಬಂದಳು.

"ನೀರ್ ಹಾಕಬ್ಯಾಡ ಅಕ್ಕಾ, ಕರೆಂಟಿಂದು ಅದ!"

ಕೂಸನ್ನು ಅವಳ ಕೈಗೆ ಕೊಟ್ಟು, ಗೋಡೆಯಿಂದ ಹೀಟರಿನ ಪಿನ್ ಕಿತ್ತು, ಕೋಲಿನಿಂದ ಬಟ್ಟೆ ಎಳೆದು ಅಂಗಳಕ್ಕೆ ಎಸೆದೆ. ಆಮೇಲೆ ಬಂದು ಕೂಸಿನ ಮುಖ ನೋಡಿದೆ. ಹಾಯಾಗಿ ನಿದ್ದೆಯಲ್ಲಿತ್ತು, ಕಣ್ಣು ಕೂಡ ತೆರೆದಿರಲಿಲ್ಲ.

ಅಕ್ಕ ಅದನ್ನು ಎದೆಗೆ ಅವಚಿಕೊಂಡು ಕೂತಳು. "ಶೇಗಡಿ ಇದ್ದಿದ್ರ ನಾ ಬಿಟ್ಟು ಏಳ್ತಿದ್ದಿಲ್ಲ, ತಮ್ಮಾ. ಇದು ಸುಮ್ನ ಕುಂತಿತ್ತು, ನಾ ಮರ್ತೆ" ಎಂದಳು.

ಅಂದಿನಿಂದ ಹೀಟರಿನ ಸುತ್ತ ಮೂರು ಮೊಳ ಜಾಗ ಖಾಲಿ. ಅದರ ಹತ್ತಿರ ಬಟ್ಟೆಯಿಲ್ಲ, ಕೌದಿಯಿಲ್ಲ. ಪಿನ್ ನೇರ ಗೋಡೆಯ ಸಾಕೆಟ್ಟಿಗೆ, ನಡುವೆ ಬೇರೆ ವೈರಿಲ್ಲ. ಕರೆಂಟು ಹೋದರೆ, ಮಲಗಿದರೆ, ಕೋಣೆ ಬಿಟ್ಟರೆ, ಮೊದಲು ಸ್ವಿಚ್ಚು. ಇದನ್ನೆಲ್ಲ ನಾನು ಹೇಳಬೇಕಾಗಲಿಲ್ಲ. ಅಕ್ಕನೇ ಕಾನೂನು ಮಾಡಿದಳು.

ಈಗ ಅವಳು ಹುಮನಾಬಾದಿಗೆ ಮರಳಿದ್ದಾಳೆ. ಸಂಜೆ ಫೋನು ಬರುತ್ತದೆ. "ಹೀಟರ್ ಬಂದ್ ಮಾಡೀರೇನು?" ಎಂದು ಕೇಳಿದ ಮೇಲೆಯೇ ಕೂಸಿನ ವಿಚಾರ. ನಾನು "ಹೂಂ ಅಕ್ಕಾ" ಎನ್ನುತ್ತೇನೆ. ಹೆದರಿಕೆಯನ್ನು ಒಬ್ಬನೇ ಹೊತ್ತರೆ ಭಾರ, ಮನೆಮಂದಿ ಹಂಚಿಕೊಂಡರೆ ಅದಕ್ಕೆ ಎಚ್ಚರ ಎಂದು ಹೆಸರು. ನನ್ನ ಪಾಲಿಗೆ ಉಳಿದದ್ದು ಈಗ ಬಹಳ ಕಡಿಮೆ. ನಿದ್ದೆ ಚೆನ್ನಾಗಿಯೇ ಬರುತ್ತಿದೆ.