ಅಟ್ಟದ ಕಾಯಿಯಲ್ಲಿ ಉಪ್ಪುನೀರು

ದೇವರಲ್ಲಿ ನನಗೆ ಅಚಲವಾದ ಶ್ರದ್ಧೆಯಿದೆ, ಪವಾಡಗಳಲ್ಲಿ ಇರಲಿಲ್ಲ. ಕಾರಣವನ್ನು ಹುಡುಕಿ ದಣಿಯುವವರೆಗೂ ಯಾವುದನ್ನೂ ವಿಚಿತ್ರವೆನ್ನಬಾರದೆಂದು ನನಗೆ ತರ್ಕಶಾಸ್ತ್ರ ಹೇಳಿಕೊಟ್ಟ ಗುರುಗಳು ಕಲಿಸಿದ್ದರು. ಈಗ ಬರೆಯುತ್ತಿರುವ ಸಂಗತಿಯ ಕಾರಣವನ್ನು ನಾನು ಸುಮಾರು ಇಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದೇನೆ.

ಆಗ ತೂತುಕುಡಿಯಿಂದ ಶ್ರೀಲಂಕೆಗೆ ಸಮುದ್ರದ ತಳದಲ್ಲಿ ಕೇಬಲ್ ಹಾಸುತ್ತಿದ್ದರು. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳೊಳಗೆ ಬೆಳಕು ಹರಿದು, ಎರಡು ದೇಶಗಳ ಮಾತನ್ನು ಹೊತ್ತೊಯ್ಯುವ ಕೇಬಲ್ ಅದು. ಆ ಎಳೆಗಳನ್ನು ಹಡಗಿನಲ್ಲೇ ಕುಳಿತು ಬೆಸೆಯುವ ಕೆಲಸ ನನ್ನ ಮಗಳು ಶಾರದೆಯದು. ತಿಪಟೂರು ಸೀಮೆಯ ನಮ್ಮ ಊರಿನಲ್ಲಿ ಸಮುದ್ರವನ್ನು ಕಂಡವರೇ ವಿರಳ. ಅಲ್ಲಿ ಹುಟ್ಟಿದ ಹುಡುಗಿಗೆ ಈ ಕೆಲಸ ಒಲಿಯಿತೆಂಬ ಹೆಮ್ಮೆಯನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ.

ನನ್ನ ಅಕ್ಕನಿಗೆ ಮಾತ್ರ ಸಮುದ್ರಯಾನವೆಂದರೆ ನಿಷಿದ್ಧ. "ಸೀತಮ್ಮನೇ ಇಷ್ಟಪಟ್ಟು ಲಂಕೆ ಕಡೆ ಹೋಗ್ಲಿಲ್ಲ ಕಣೋ! ನಿನ್ನ ಮಗಳು ಪೆಟ್ಟಿಗೆ ಕಟ್ಕೊಂಡು ಹೊರಟ್ಲಲ್ಲ!" ಎಂದು ಹಂಗಿಸಿದ್ದಳು. ಹಿಂದಿರುಗಿದ ಮೇಲೆ ಪ್ರಾಯಶ್ಚಿತ್ತವಾಗದೆ ದೇವರಮನೆಗೆ ಸೇರಿಸುವುದಿಲ್ಲವೆಂದೂ ಹಠ ಹಿಡಿದಿದ್ದಳು.

ಒಂದು ಸಂಜೆ ಶಾರದೆ ಹಡಗಿನಿಂದ ಫೋನ್ ಮಾಡಿದಳು. ಅಲೆಗಳ ಹೊಯ್ದಾಟದಲ್ಲಿ ಕೊನೆಯ ಬೆಸುಗೆ ಎರಡು ಸಲ ಕೆಟ್ಟಿತ್ತು. "ನಾಳೇನೂ ಕೆಟ್ರೆ ಬೇರೆಯವರನ್ನ ಕರೆಸ್ತಾರಂತಪ್ಪ," ಎಂದಾಗ ಅವಳ ಧ್ವನಿ ಕುಗ್ಗಿತ್ತು.

ಮರುದಿನ ಬೆಳಿಗ್ಗೆ ಅವಳ ಹೆಸರಿನಲ್ಲಿ ಪೂಜೆಗೆ ಕುಳಿತೆ. ವರ್ಷವಿಡೀ ಅಟ್ಟದಲ್ಲಿದ್ದು, ನೀರೆಲ್ಲ ಇಂಗಿ ಕೊಬ್ಬರಿಯಾದ ಕಾಯಿಗಳನ್ನು ಸುಲಿದು ಜಗಲಿಯಲ್ಲಿ ರಾಶಿ ಹಾಕಿದ್ದರು. ಕಣ್ಣು ಮಂಜಾಗಿದ್ದ ಅಕ್ಕ ಹಸಿಕಾಯಿಯೆಂದು ಅದರಲ್ಲೊಂದನ್ನು ತಂದಿಟ್ಟಿದ್ದಳು. ಕೈಗೆತ್ತಿಕೊಂಡಾಗ ಒಳಗಿನ ಉಂಡೆ ಲೊಟಲೊಟನೆ ಸದ್ದು ಮಾಡಿತು.

"ಇದು ಅಟ್ಟದ್ದು ಕಣಕ್ಕ."

"ಕರ್ಪೂರ ಹಚ್ಚಿಯಾಯ್ತು, ಒಡಿ ಅತ್ಲಾಗೆ!"

ಒಡೆದೆ. ಕೊಬ್ಬರಿಯ ಉಂಡೆ ಒಣಗಿದಂತೆಯೇ ಇತ್ತು. ಆದರೆ ಚಿಪ್ಪಿನಿಂದ ನೀರು ಸುರಿದು ಬಟ್ಟಲು ತುಂಬಿತು. ಅಕ್ಕ ನಾಲಿಗೆಗೆ ತಾಗಿಸಿಕೊಂಡು, "ಅಯ್ಯೋ, ಬರೀ ಉಪ್ಪು ಕಣೋ! ಮಗೂಗೆ ಏನಾಯ್ತೋ!" ಎಂದು ಚೀರಿದಳು. ನಾನು ರಾಶಿಯ ಎಷ್ಟೋ ಕಾಯಿಗಳನ್ನು ಒಡೆದು ನೋಡಿದೆ. ಯಾವುದರಲ್ಲೂ ಒಂದು ಹನಿಯಿರಲಿಲ್ಲ. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಸಂಜೆ ಫೋನ್ ಬಂತು. "ಬೆಳಕು ಬಂತಪ್ಪ! ಲಂಕೆಯಿಂದ ಬಿಟ್ಟ ಬೆಳಕು ನಮ್ಮ ದಡಕ್ಕೆ ಮುಟ್ತು. ನಾನೇ ಬೆಸೆದಿದ್ದು!"

ನನ್ನ ಕಣ್ಣು ತುಂಬಿತು. ಅವಳು ಮಾತು ಮುಂದುವರಿಸಿದಳು: "ಕೆಲಸಕ್ಕೆ ಕೂರೋ ಮುಂಚೆ ಕಾಯಿ ಒಡೆಯೋಣ ಅಂದ್ರೆ ಹಡಗಲ್ಲಿ ಬಿಡ್ಲಿಲ್ಲ. ಹಾಗೇ ಸಮುದ್ರಕ್ಕೆ ಹಾಕ್ದೆ. ಹಸಿಕಾಯಿ ಕೆಡುತ್ತೆ ಅಂತ ನಮ್ಮ ಅಟ್ಟದ್ದೇ ಒಂದು ತಂದಿದ್ದೆ. ಒಣಗಿದ ಕಾಯಿ ತೇಲಬೇಕಲ್ವಾ ಅಪ್ಪ? ತುಂಬಿದ ಕೊಡದ ಹಾಗೆ ಮುಳುಗಿಹೋಯ್ತು!"

ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಅಕ್ಕ ದೇವರಮನೆಗೆ ಹೋಗಿ, ಬಟ್ಟಲನ್ನು ಕಣ್ಣಿಗೊತ್ತಿಕೊಂಡು, ಆ ಉಪ್ಪುನೀರನ್ನು ಮುಖ ಕಿವಿಚದೆ ಪೂರ್ತಿ ಕುಡಿದಳು. ಪ್ರಾಯಶ್ಚಿತ್ತದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಶಾರದೆ ಬಂದ ದಿನ ತಾನೇ ಕೈಹಿಡಿದು ಒಳಗೆ ಕರೆದೊಯ್ದು ದೀಪ ಹಚ್ಚಿಸಿದಳು.

ಅಕ್ಕನಿಗೆ ಸಂಶಯವಿರಲಿಲ್ಲ. ನಾನು ಮಾತ್ರ ಆ ಚಿಪ್ಪನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನೀರು ಬಂದ ದಾರಿಯನ್ನು ಕಾಣಲಾರದೆ ಹೋದೆ.